ಗಾಜಿನ ಬುಡದ ದಂಬೆ

ಪುನರ್ವಸು ಮಳೆ ಅರ್ಧ ದಿನ ಹೊಳವು ಕೊಟ್ಟಿತ್ತು. ಗೇರುಸೊಪ್ಪದಲ್ಲಿ ಹೆದ್ದಾರಿ ಬದಿಯ ಗ್ಯಾರೇಜಿನ ತಗಡಿನ ಮಾಡಿನಡಿ ನನ್ನ ಕಾರು ನಿಂತಿತ್ತು. ಅದರ ಎಡಗಡೆಯ ವೈಪರ್, ಪ್ರಶ್ನೆ ಕೇಳಲು ಕೈಯೆತ್ತಿ ಪ್ರಶ್ನೆಯನ್ನೇ ಮರೆತ ಹುಡುಗನ ಹಾಗೆ, ಗಾಜಿನ ನಟ್ಟನಡುವೆ ನಿಂತುಬಿಟ್ಟಿತ್ತು. ಗ್ಯಾರೇಜಿನವನು ಏಳನೇ ಇಯತ್ತೆಯಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತವನು. ಆ ಮಧ್ಯಾಹ್ನ ಕಲಿತವಳು ನಾನು. ಆದ್ದರಿಂದ ನಮ್ಮಿಬ್ಬರ ಮಾತನ್ನು ನೆನಪಿದ್ದ ಹಾಗೇ ಬರೆದಿಟ್ಟಿದ್ದೇನೆ.

— ಅಕ್ಕೋರೆ, ಇದು ಎಲ್ಲಿ ನಿಂತದ್ದು?

— ಘಟ್ಟ ಇಳೀವಾಗ. ಮಾವಿನಗುಂಡಿ ದಾಟಿ ಒಂದಿಷ್ಟು ತಿರುವು ಬಂದಿದ್ದೆ. ಎದುರಿನ ಲಾರಿಯ ದೀಪ ಕಾಣ್ತಿತ್ತೇ ಹೊರತು ಲಾರಿ ಕಾಣ್ತಿರಲಿಲ್ಲ, ಅಂಥ ಮಳೆ. ‘ಟಕ್’ ಅಂತ ಒಂದು ಸದ್ದಾಯ್ತು. ಎಡಗಡೆಯದು ಅಲ್ಲೇ ನಿಂತಿತು, ಬಲಗಡೆಯದು ಬಂದು ಅದಕ್ಕೆ ಬಡೀತು. ಕೂಡಲೇ ಸ್ವಿಚ್ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಮಳೆ ಇಳಿಯುವವರೆಗೆ ಕೂತೆ. ಮುಕ್ಕಾಲು ಗಂಟೆ.

— ಆಫ್ ಮಾಡಿದ್ದು ಒಳ್ಳೇದಾಯ್ತು. ಹಾಗೇ ಓಡಿಸಿದ್ದರೆ ತೋಳು ಎರಡೂ ಬಗ್ಗಿ, ಮೋಟರಿನೊಳಗಿನ ಹಲ್ಲೂ ಸವೆದು ಹೋಗ್ತಿತ್ತು. ಬಲಗಡೆಯದು ತನ್ನ ಜಾಗಕ್ಕೆ ವಾಪಸು ಬಂದು ಮಲಗಿದೆ ನೋಡಿ. ಅಂದರೆ ಮೋಟರ್ ಬದುಕಿದೆ. ಇದಕ್ಕೆ ಮೊದಲು ಏನಾದರೂ ಸದ್ದು ಇತ್ತಾ?

— ಇತ್ತು. ಎರಡು ಮೂರು ವಾರದಿಂದ ‘ಕಿರ್ರ್’ ಅಂತಿತ್ತು. ರಬ್ಬರ್ ಹಳತಾಗಿರಬೇಕು ಅಂದುಕೊಂಡೆ.

— ಪೆಟ್ರೋಲ್ ಗಾಡಿಯಾಗಿದ್ದರೆ ಆ ಸದ್ದು ನಿಮಗೆ ಕೇಳ್ತಲೇ ಇರಲಿಲ್ಲ. ಇಂಜಿನಿನ ಗಲಾಟೆಯಲ್ಲಿ ಮುಚ್ಚಿಹೋಗ್ತಿತ್ತು. ಈ ಗಾಡಿ ಸುಮ್ಮನಿರ್ತದೆ ನೋಡಿ, ಹಾಗಾಗಿ ಬೇರೆ ಎಲ್ಲದರ ನರಳಾಟವೂ ಕೇಳ್ತದೆ. ಇಂಥ ಗಾಡಿ ತಗೊಂಡವರಿಗೆಲ್ಲ ನಾನು ಹೇಳೋದು ಅದನ್ನೇ: ಸದ್ದು ಕೇಳಿದ ದಿನವೇ ಬನ್ನಿ.

— ಮೊದಲು ಪೇಟೆಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ದೆ. ‘ಪೂರ್ತಿ ಅಸೆಂಬ್ಲಿಯೇ ಬದಲಾಯಿಸಬೇಕು, ಮಾಲು ಬರೋದಕ್ಕೆ ಹದಿನೈದು ದಿನ’ ಅಂದರು. ಈ ಊರಲ್ಲಿ ಆಷಾಢದಲ್ಲಿ ಹದಿನೈದು ದಿನ ವೈಪರ್ ಇಲ್ಲದ ಗಾಡಿ ಇಟ್ಟುಕೊಂಡು ಎಂತ ಮಾಡಲಿ? ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಬೀಳ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್ ಒಳಗೇ.

— ಗ್ಯಾರಂಟಿ ಮುಗಿದಿದೆಯಾ? ಅದು ಮೊದಲು ಹೇಳಿ. ಮುಗಿಯದಿದ್ದರೆ ನಾನು ಒಂದು ಕ್ಲಿಪ್ಪನ್ನೂ ಮುಟ್ಟೋದಿಲ್ಲ. ಅವರೇ ಮಾಡಿಕೊಡಲಿ, ಅದು ನಿಮ್ಮ ಹಕ್ಕು.

— ಗಾಡಿ ಓಡಿಸುವ ಮೋಟರಿಗೂ ದೊಡ್ಡ ಬ್ಯಾಟರಿಗೂ ಇನ್ನೂ ಇದೆ. ಉಳಿದದ್ದಕ್ಕೆಲ್ಲ ಯುಗಾದಿಗೇ ಮುಗೀತು.

— ಹಾಗಾದರೆ ಬಾನೆಟ್ ಎತ್ತುವ.

— ತಮಾ, ಸ್ವಲ್ಪ ತಡೆ. ಇದು ಕರೆಂಟಿನ ಗಾಡಿ. ನಿನ್ನ ಕೈಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ನನ್ನ ಗಾಡಿಯಿಂದ ನಿನಗೇನಾದರೂ ಆದರೆ ನಾನು ನಿನ್ನ ಆಯಿಯ ಮುಖ ಹೇಗೆ ನೋಡಲಿ?

— ಹೆದರಬೇಕಾದ ಕಡೆ ನಾನೂ ಹೆದರ್ತೇನೆ ಅಕ್ಕೋರೆ. ಇಲ್ಲಿ ಬಗ್ಗಿ ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾಣ್ತದಲ್ಲ? ಯಾವ ಕಂಪನಿಯ ಗಾಡಿಯಾದರೂ ಸರಿ, ಕಿತ್ತಳೆ ಬಣ್ಣ ಅಂದರೆ ದೊಡ್ಡ ಬ್ಯಾಟರಿಯ ಕರೆಂಟು. ಇಂಥ ಕಾರುಗಳಲ್ಲಿ ಸುಮಾರು 300 ವೋಲ್ಟ್, ಅದೂ ಡಿ.ಸಿ. ಅದರ ಹತ್ತಿರ ನನ್ನ ಬೆರಳೂ ಹೋಗೋದಿಲ್ಲ, ಪಾನಾನೂ ಹೋಗೋದಿಲ್ಲ. ಅದಕ್ಕೆ ಬೇರೆ ತರಬೇತಿ ಬೇಕು, ಬೇರೆ ಕೈಗವಸು ಬೇಕು, ನನ್ನ ಹತ್ತಿರ ಎರಡೂ ಇಲ್ಲ. ಆದರೆ ವೈಪರಿಗೂ ಅದಕ್ಕೂ ನೇರ ಸಂಬಂಧವೇ ಇಲ್ಲ. ವೈಪರ್, ಹಾರ್ನ್, ದೀಪ, ಕಿಟಕಿ, ಎಲ್ಲ ಇಗೋ ಈ ಮೂಲೆಯ 12 ವೋಲ್ಟಿನ ಸಣ್ಣ ಬ್ಯಾಟರಿಯ ಮಕ್ಕಳು. ನಿಮ್ಮ ಹಳೇ ಪೆಟ್ರೋಲ್ ಕಾರಿನಲ್ಲಿ ಇತ್ತಲ್ಲ, ಅಂಥದ್ದೇ.

— ಅಷ್ಟು ದೊಡ್ಡದನ್ನ ಹೊಟ್ಟೆಯಡಿ ಇಟ್ಟುಕೊಂಡ ಗಾಡಿಗೆ ಇನ್ನೊಂದು ಸಣ್ಣದು ಎಂತಕ್ಕೆ?

— ಎಬ್ಬಿಸೋದಕ್ಕೆ. ದೊಡ್ಡ ಬ್ಯಾಟರಿಯ ಬಾಯಲ್ಲಿ ಕಾಂಟ್ಯಾಕ್ಟರ್ ಅಂತ ಒಂದು ಬಾಗಿಲಿದೆ. ಆ ಬಾಗಿಲು ತೆರೆದು ಹಿಡಿಯೋದು ಸಣ್ಣದರ ಕರೆಂಟು. ಸಣ್ಣದು ಸತ್ತರೆ, ದೊಡ್ಡದು ತುಂಬಿದ್ದರೂ ಗಾಡಿ ಮಿಸುಕೋದಿಲ್ಲ. ಗಾಡಿ ಎಚ್ಚರ ಇರುವಾಗ ದೊಡ್ಡದು ತನ್ನ ಪಾಲಿನಿಂದ ಸಣ್ಣದಕ್ಕೆ ಉಣಿಸ್ತಿರ್ತದೆ.

— ಪವರ್‌ಹೌಸಿನಲ್ಲೂ ಹೀಗೇ ಅಂತ ನಮ್ಮ ಮನೆಯವರು ಹೇಳ್ತಿದ್ದರು. ಇಲ್ಲಿ 60 ಮೆಗಾವ್ಯಾಟಿನ ನಾಲ್ಕು ಘಟಕ ಇದ್ದರೂ, ಅದನ್ನ ಹತೋಟಿಯಲ್ಲಿಡುವ ಸರ್ಕೀಟುಗಳಿಗೆ ಬೇರೆಯೇ ಒಂದು ಬ್ಯಾಟರಿ ಕೋಣೆ. ಹೊಸದಾಗಿ ಬಂದವರನ್ನ ಅವರು ಮೊದಲು ಆ ಕೋಣೆಗೇ ಕರ್ಕೊಂಡು ಹೋಗ್ತಿದ್ದರಂತೆ.

— ಅವರಿದ್ದಿದ್ದರೆ ಇವತ್ತು ನನ್ನ ಪಕ್ಕ ನಿಂತು ಪಾನಾ ಕೊಡ್ತಿದ್ದರು.

— ಕೊಡ್ತಿದ್ದರು. ಈಗ ನಾನು ಕೊಡ್ತೇನೆ, ಕೇಳು.

— ಮೊದಲು ಇದು ಕೇಳಿ. ಗಾಡಿ ಪೂರ್ತಿ ಆಫ್. ಚಾರ್ಜಿಂಗ್ ಗನ್ ಚುಚ್ಚಿರಬಾರದು. ಕೀಲಿಯನ್ನ ನಿಮ್ಮ ಚೀಲದಲ್ಲಿಟ್ಟುಕೊಂಡು ಆ ಬೆಂಚಿನ ಮೇಲೆ ದೂರ ಇಡಿ, ಹತ್ತಿರ ಇದ್ದರೆ ಕೆಲವು ಗಾಡಿ ತಾನಾಗಿ ಎದ್ದುಬಿಡ್ತವೆ. ಡಿಕ್ಕಿ ತೆರೆದಿಡಿ, ಒಂದು ಕಿಟಕಿ ಇಳಿಸಿಡಿ. ಸಣ್ಣ ಬ್ಯಾಟರಿ ತೆಗೆದ ಮೇಲೆ ಅವು ಸ್ವಿಚ್ಚಿಗೆ ತೆರೆಯೋದಿಲ್ಲ. ಈಗ ಹತ್ತರ ಪಾನಾ. ಮೈನಸ್ ತಂತಿ ಮೊದಲು ಬಿಚ್ಚಬೇಕು, ಬಟ್ಟೆ ಸುತ್ತಿ ಬದಿಗೆ ಸರಿಸಬೇಕು. ಹತ್ತು ನಿಮಿಷ ಸುಮ್ಮನೆ ಕೂರುವ. ನಾನು ದೊಡ್ಡ ಕರೆಂಟಿನ ಹತ್ತಿರ ಹೋಗೋದಿಲ್ಲ, ಆದರೂ ಒಳಗೆ ಎಲ್ಲೆಲ್ಲಿ ಉಳಿದದ್ದು ಇದೆಯೋ ಅದು ಇಳೀಲಿ.

ಆ ಹತ್ತು ನಿಮಿಷದಲ್ಲಿ ಅವನ ಹುಡುಗ ಚಹಾ ತಂದ. ಅಣೆಕಟ್ಟಿನ ಕಡೆಯಿಂದ ಮೋಡ ಇಳಿಯುತ್ತಿತ್ತು. ಹೊಳೆಯಾಚೆ ಕಾಡಿನೊಳಗಿನ ಚತುರ್ಮುಖ ಬಸದಿಗೆ ಹೋಗಲು ಬಂದವರು ದಾರಿ ಕೇಳಿಕೊಂಡು ಹೋದರು.

— ಅಕ್ಕೋರೆ, ನೀವು ಈ ಗಾಡಿ ತಗೊಂಡಾಗ ಊರೆಲ್ಲ ಮಾತಾಡಿತ್ತು. ಈ ಘಟ್ಟದ ಬುಡದಲ್ಲಿ ಕರೆಂಟಿನ ಗಾಡಿಯಾ ಅಂತ.

— ನನಗೇನೂ ಹೊಸದು ಅನ್ನಿಸಲಿಲ್ಲ ಮಾರಾಯ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಅಂತ ಸಣ್ಣ ಕಾರು ಬಂದಿತ್ತು, ಎರಡೇ ಬಾಗಿಲಿನದು, ಸೀಸದ ಬ್ಯಾಟರಿಯದು. ಚೇತನ್ ಮೈನಿಯವರು ಮಾಡಿದ್ದು. ಅದು ಲಂಡನ್ನಿನಲ್ಲೂ ಜಿ-ವಿಜ್ ಅನ್ನುವ ಹೆಸರಿನಲ್ಲಿ ಓಡಿತು. 2010ರಲ್ಲಿ ಆ ಕಂಪನಿ ಮಹೀಂದ್ರಾದವರ ಕೈಗೆ ಹೋಯ್ತು. ಇಲ್ಲಿ ನಮ್ಮ ಪವರ್‌ಹೌಸ್ ತಿರುಗೋದಕ್ಕೆ ಶುರುವಾದದ್ದೂ ಸುಮಾರು ಆ ಕಾರು ಬಂದ ಹೊತ್ತಿಗೇ. ನಮ್ಮ ಮನೆಯವರು ಪೇಪರಿನಲ್ಲಿ ಆ ಕಾರಿನ ಚಿತ್ರ ನೋಡಿ, ‘ನಾವು ಇಲ್ಲಿ ಹುಟ್ಟಿಸೋದನ್ನ ಇವರು ಅಲ್ಲಿ ಓಡಿಸ್ತಾರೆ’ ಅಂದಿದ್ದರು. ಅದು ಮನಸ್ಸಿನಲ್ಲೇ ಇತ್ತು.

— ಇಲ್ಲಿ ಹುಟ್ಟಿದ ಕರೆಂಟೇ ನಿಮ್ಮ ಗಾಡಿಗೆ ಬರ್ತದೆ ಅನ್ನೋ ಹಾಗಿಲ್ಲವಲ್ಲ?

— ಇಲ್ಲ. ಗ್ರಿಡ್ಡಿಗೆ ಬಿದ್ದ ಮೇಲೆ ಕಲ್ಲಿದ್ದಲಿನದು, ಗಾಳಿಯದು, ನೀರಿನದು ಅಂತ ಬೇರೆ ಮಾಡೋದಕ್ಕಾಗೋದಿಲ್ಲ. ಆದರೆ ಈ ನೀರು ಪಡುವ ಪಾಡು ನೋಡು. ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿ 55 ಮೆಗಾವ್ಯಾಟ್. ತಳಕಳಲೆಯಿಂದ ಕೊಳವೆಯಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದಲ್ಲಿ 1035. ಅಲ್ಲಿ ಕೆಲಸ ಮುಗಿಸಿ ಬಿಟ್ಟ ನೀರನ್ನ ಇಲ್ಲಿ ಮತ್ತೆ ಹಿಡಿದು ಇನ್ನೂ 240. ಒಂದೇ ಹನಿ ಮೂರು ಸಲ ದುಡಿದು ಹೊನ್ನಾವರದಲ್ಲಿ ಕಡಲಿಗೆ ಸೇರ್ತದೆ. ಆ ಹನಿ ಮತ್ತೆ ಮೋಡವಾಗಿ ಬಂದು ನನ್ನ ಗಾಜಿನ ಮೇಲೆ ಬಿದ್ದರೆ ಅದನ್ನ ಒರೆಸುವ ಒಂದು ಕೈ ಸರಿಯಾಗಿರಬೇಡವಾ?

— ಒರೆಸುವ ಕೈ ಬಿಚ್ಚುವ ಹೊತ್ತಾಯ್ತು. ಆ ಕಾಗದದ ಟೇಪು ಕೊಡಿ. ಬಲಗಡೆಯ ರಬ್ಬರ್ ಎಲ್ಲಿ ಮಲಗಿದೆಯೋ ಅಲ್ಲಿ ಗಾಜಿನ ಮೇಲೆ ಗುರುತು ಹಚ್ಚಬೇಕು. ಇದನ್ನ ಮಾಡದೆ ಬಿಚ್ಚಿದವರು ವಾಪಸು ಹಾಕುವಾಗ ಒಂದು ಹಲ್ಲು ಆಚೀಚೆ ಕೂರಿಸ್ತಾರೆ, ಆಮೇಲೆ ವೈಪರ್ ಗಾಜು ಬಿಟ್ಟು ಕಂಬಕ್ಕೆ ಹೊಡೀತದೆ. ಈಗ ಈ ಕಪ್ಪು ಟೊಪ್ಪಿಗೆ ಎಬ್ಬಿಸಿದರೆ ಒಳಗೆ ನಟ್. ಪೂರ್ತಿ ತೆಗೆಯಬಾರದು, ಎರಡು ಸುತ್ತು ಸಡಿಲ ಮಾಡಿ ಅಲ್ಲೇ ಬಿಡಬೇಕು.

— ಎಂತಕ್ಕೆ?

— ತೋಳು ಒಮ್ಮೆಲೆ ಚಿಮ್ಮಿ ಗಾಜಿಗೋ ಮುಖಕ್ಕೋ ಹೊಡೆಯಬಾರದು ಅಂತ. ಒಳಗೆ ಗಟ್ಟಿ ಸ್ಪ್ರಿಂಗ್ ಇದೆ. ಈಗ ತೋಳನ್ನ ಮೆಲ್ಲಗೆ ಆಚೆ ಈಚೆ ಅಲ್ಲಾಡಿಸ್ತೇನೆ... ಬಲಗಡೆಯದು ಬಂತು. ಎಡಗಡೆಯದು ಹಿಡಿದು ಕೂತಿದೆ. ಬುಡದಲ್ಲಿ ಬಿಳೀ ಹಿಟ್ಟು ಕಾಣ್ತದಾ?

— ಸುಣ್ಣದ ಹಾಗಿದೆ.

— ತೋಳು ಅಲ್ಯೂಮಿನಿಯಮ್ಮಿನದು, ಒಳಗಿನ ಗೂಟ ಉಕ್ಕಿನದು. ವಾರಕ್ಕೆ ಮೂರು ದಿನ ಹೊನ್ನಾವರಕ್ಕೆ ಹೋಗಿ ಕಡಲಿನ ಗಾಳಿ ಕುಡಿಸ್ಕೊಂಡು ಬರ್ತೀರಿ. ಎರಡು ಜಾತಿಯ ಲೋಹ, ನಡುವೆ ಉಪ್ಪಿನ ನೀರು. ಮುಂದೆ ಏನಾಗ್ತದೆ ಅಂತ ಹೇಳಿಕೊಟ್ಟವರು ನೀವೇ.

— ನಿಂಬೆಹಣ್ಣು!

— ಹೌದು. ನಿಂಬೆಹಣ್ಣಿಗೆ ತಾಮ್ರದ ತಂತಿ ಒಂದು ಕಡೆ, ಸತುವಿನ ಪಟ್ಟಿ ಇನ್ನೊಂದು ಕಡೆ ಚುಚ್ಚಿ ಮೀಟರಿನ ಮುಳ್ಳು ಅಲ್ಲಾಡಿಸಿ ತೋರಿಸಿದ್ದಿರಿ. ಇಲ್ಲೂ ಅದೇ ನಡೆದಿದೆ. ಯಾರೂ ಕೇಳದ ಒಂದು ಬ್ಯಾಟರಿ ಇಲ್ಲಿ ಹುಟ್ಟಿಕೊಂಡು ಅಲ್ಯೂಮಿನಿಯಮ್ಮನ್ನ ತಿಂದಿದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯುವ. ಇಂಥ ಹೊತ್ತಿನಲ್ಲಿ ದೊಡ್ಡ ಸ್ಕ್ರೂಡ್ರೈವರ್ ಅಡಿಗೆ ಕೊಟ್ಟು ಮೀಟುವವರು ಇದ್ದಾರೆ. ಅದರ ಭಾರ ಗಾಜಿನ ಅಂಚಿಗೆ ಬಿದ್ದರೆ ಮುಂದಿನ ಗಾಜು ಪೂರ್ತಿ ಹೋಯ್ತು. ಇದಕ್ಕಂತಲೇ ಸಣ್ಣ ಪುಲ್ಲರ್ ಬರ್ತದೆ. ಗಾಜಿನ ಮೇಲೆ ಹಳೇ ಗೋಣಿ ಹಾಸಿ, ಆಮೇಲೆ ಅದನ್ನ ಹಚ್ತೇನೆ.

— ಈ ವೈಪರ್ ಬಗ್ಗೆ ಮೊದಮೊದಲು ಯೋಚನೆ ಮಾಡಿದವರಲ್ಲಿ ಒಬ್ಬಳು ಹೆಂಗಸು, ಗೊತ್ತಾ? ಮೇರಿ ಆ್ಯಂಡರ್ಸನ್ ಅಂತ, ಅಮೆರಿಕದ ಅಲಬಾಮಾದವಳು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಾಗ ಟ್ರಾಮಿನ ಡ್ರೈವರ್ ಎದುರಿನ ಗಾಜು ತೆರೆದಿಟ್ಟು, ಮುಖಕ್ಕೆ ಹಿಮ ಹೊಡೆಸಿಕೊಳ್ತಾ ಓಡಿಸೋದನ್ನ ನೋಡಿದಳು. ಒಳಗೆ ಒಂದು ಹಿಡಿ, ಹೊರಗೆ ರಬ್ಬರಿನ ಪಟ್ಟಿ, ಕೈಯಿಂದ ತಿರುಗಿಸಿದರೆ ಒರೆಸ್ತದೆ. 1903ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಆಗ ಕೊಳ್ಳುವವರು ಯಾರೂ ಸಿಗಲಿಲ್ಲ. ಎಲ್ಲ ಕಾರಿಗೂ ವೈಪರ್ ಬರುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದುಹೋಗಿತ್ತು. ಒಂದು ಡಾಲರೂ ಸಿಗಲಿಲ್ಲ ಅವಳಿಗೆ. ನನಗೆ ಇವತ್ತಿಗೂ ಆ ವಿಷಯ ಚುಚ್ತದೆ.

— ಕೈಯಿಂದ ತಿರುಗಿಸೋದಾ! ನಮ್ಮ ಘಟ್ಟದಲ್ಲಿ ಒಂದು ಕೈ ಸ್ಟಿಯರಿಂಗಿಗೆ, ಒಂದು ಕೈ ಗೇರಿಗೆ. ಮೂರನೇ ಕೈ ಎಲ್ಲಿಂದ ತರೋದು? ನಾನು ಕೆಲಸ ಕಲಿತ ಗುರುಗಳು ಬೇರೊಂದು ಹೇಳ್ತಿದ್ದರು. ಹಳೇ ಕೆಲವು ಗಾಡಿಗಳಲ್ಲಿ ಇಂಜಿನ್ ಗಾಳಿ ಎಳ್ಕೊಳ್ತದಲ್ಲ, ಆ ಎಳೆತದಿಂದಲೇ ವೈಪರ್ ಆಡ್ತಿತ್ತಂತೆ. ಏರಿನಲ್ಲಿ ಎಕ್ಸಿಲೇಟರ್ ಪೂರ್ತಿ ಒತ್ತಿದರೆ ಎಳೆತ ಕಮ್ಮಿಯಾಗಿ ವೈಪರ್ ತೂಕಡಿಸ್ತಿತ್ತು. ಮಳೆ ಜೋರು, ಏರೂ ಜೋರು, ಆಗಲೇ ಅದು ನಿದ್ದೆ. ಡ್ರೈವರ್ ನಡುನಡುವೆ ಕಾಲು ಸಡಿಲಿಸಿ ಗಾಜು ಒರೆಸ್ಕೊಂಡು ಮತ್ತೆ ಒತ್ತಬೇಕಿತ್ತು.

— ಈಗ ನಿಂತು ನಿಂತು ಒರೆಸ್ತದಲ್ಲ, ಸಣ್ಣ ಜುಮುರು ಮಳೆಗೆ ಹಾಕ್ತೇವಲ್ಲ, ಅದನ್ನ ಪಳಗಿಸಿದವರು ರಾಬರ್ಟ್ ಕರ್ನ್ಸ್ ಅನ್ನುವ ಇಂಜಿನಿಯರ್ ಮೇಷ್ಟ್ರು. ಕಣ್ಣಿನ ರೆಪ್ಪೆ ಸದಾ ಬಡಿಯೋದಿಲ್ಲ, ಬೇಕಾದಾಗ ಒಮ್ಮೆ ಬಡೀತದೆ, ವೈಪರ್ ಎಂತಕ್ಕೆ ಹಾಗಿರಬಾರದು ಅಂತ ಅವರ ಯೋಚನೆ. 1964ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಸಿಕ್ಕಿದ್ದು 1967ರಲ್ಲಿ. ಆಮೇಲೆ ದೊಡ್ಡ ಕಂಪನಿಗಳ ಗಾಡಿಗಳಲ್ಲಿ ಅದು ಬಂದಾಗ ಕೋರ್ಟಿಗೆ ಹೋದರು. 1990ರಲ್ಲಿ ಫೋರ್ಡಿನವರು ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿಯಾದರು. ಅಷ್ಟರಲ್ಲಿ ಅವರ ವಯಸ್ಸು ಅದರಲ್ಲೇ ಕಳೆದಿತ್ತು.

— ಬಂತು ನೋಡಿ!

— ಎಂತ?

— ತೋಳು. ಪುಲ್ಲರಿಗೆ ಸೋತಿತು. ಇನ್ನು ಗಾಜಿನ ಬುಡದ ಈ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಇಲ್ಲಿ ಕ್ಲಿಪ್ಪುಗಳಿವೆ. ಒಂದೊಂದರ ನಡುವಿನ ಗುಂಡಿ ಮೊದಲು ಎತ್ತಬೇಕು, ಆಮೇಲೆ ಕ್ಲಿಪ್. ಸಿಟ್ಟಿನಲ್ಲಿ ಎಳೆದರೆ ಮುರೀತದೆ. ಬಿಸಿಲು, ಮಳೆ ತಿಂದ ಪ್ಲಾಸ್ಟಿಕ್ ಇದು. ಅಂಚಿನ ರಬ್ಬರ್ ಬಿಡಿಸ್ಕೊಂಡು ಹೀಗೆ ಎತ್ತಿದರೆ... ಅಕ್ಕೋರೆ, ಇಲ್ಲಿ ಬನ್ನಿ. ನೀವೇ ನೋಡಬೇಕು ಇದು.

— ಅಯ್ಯೋ ದೇವರೇ. ಇದೇನು, ಗೊಬ್ಬರದ ಗುಂಡಿಯಾ?

— ಗಾಡಿ ಎಲ್ಲಿ ನಿಲ್ಲಿಸ್ತೀರಿ?

— ಅಂಗಳದ ಹಲಸಿನ ಮರದಡಿ. ಬಿಸಿಲಿಗೆ ಬ್ಯಾಟರಿ ಬಿಸಿಯಾಗಬಾರದು ಅಂತ.

— ಹಲಸಿನ ಎಲೆ, ಮಾವಿನ ಹೂವಿನ ಚೂರು, ಅಡಿಕೆಯ ಸಿಂಗಾರದ ಹುಡಿ. ಒಂದು ಸಸಿ ಮೊಳಕೆ ಬೇರೆ ಬಂದಿದೆ. ಹೆಸರಿನಲ್ಲೇ ಸೊಪ್ಪು ಇರುವ ಊರಲ್ಲವಾ ನಮ್ಮದು. ನೋಡಿ, ಈ ಜಾಗ ಗಾಡಿಯ ದಂಬೆ. ಗಾಜಿನ ಮೇಲಿಂದ ಇಳಿದ ನೀರೆಲ್ಲ ಇಲ್ಲಿಗೆ ಬಂದು, ಎರಡೂ ತುದಿಯಲ್ಲಿ ಒಂದೊಂದು ತೂತಿನಿಂದ ನೆಲಕ್ಕೆ ಇಳೀಬೇಕು. ಎಡಗಡೆಯ ತೂತು ಕೆಸರು ಮೆತ್ತಿ ಪೂರ್ತಿ ಮುಚ್ಚಿದೆ. ನೀರು ಹೋಗೋದಕ್ಕೆ ದಾರಿ ಇಲ್ಲ.

— ಮೃಗಶಿರ ಹಿಡಿಯುವ ಮೊದಲು ಮನೆಯ ಮಾಡಿನ ದಂಬೆಯ ಕಸ ತೆಗೆಸೋದು ಒಂದು ವರ್ಷವೂ ತಪ್ಪಿಸಿಲ್ಲ ನಾನು. ಅತ್ತೆಯ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತು, ಈಗ ಪಿವಿಸಿಯದು. ಗಾಡಿಗೂ ಒಂದು ದಂಬೆ ಇದೆ ಅಂತ ಹೊಳೆಯಲೇ ಇಲ್ಲವಲ್ಲ!

— ಯಾರೂ ಹೇಳಿರೋದಿಲ್ಲ. ಗಾಡಿ ಕೊಡುವಾಗ ಚಾರ್ಜ್ ಮಾಡೋದು ಹೇಳಿಕೊಡ್ತಾರೆ, ಪರದೆ ಒತ್ತೋದು ಹೇಳಿಕೊಡ್ತಾರೆ. ಇದನ್ನ ಹೇಳೋದಿಲ್ಲ. ಇನ್ನೊಂದು ವಿಷಯ. ಪೆಟ್ರೋಲ್ ಗಾಡಿಯಲ್ಲಿ ಇಂಜಿನಿನ ಬಿಸಿಗೆ ಈ ಜಾಗ ಅಷ್ಟೋ ಇಷ್ಟೋ ಒಣಗ್ತಿತ್ತು. ಇಲ್ಲಿ ಅಂಥ ಬಿಸಿ ಇಲ್ಲ. ಹಸಿ ಕೂತರೆ ಕೂತೇ ಇರ್ತದೆ. ಗಾಡಿಯೊಳಗೆ ಮುಗ್ಗಲು ವಾಸನೆ ಬರ್ತಿತ್ತಾ?

— ಬರ್ತಿತ್ತು! ಒದ್ದೆ ಕೊಡೆ ಇಟ್ಟದ್ದಕ್ಕೆ ಅಂತ ತಿಳಿದು ಸೀಟೆಲ್ಲ ಒರೆಸಿದ್ದೆ. ಗಾಜೂ ಬೇಗ ಮಬ್ಬಾಗ್ತಿತ್ತು.

— ಒಳಗೆ ಗಾಳಿ ಹೋಗೋದು ಈ ಜಾಲರಿಯಿಂದಲೇ. ಕೊಳೆತ ಎಲೆಯ ಮೇಲಿಂದ ಹಾದು ಬಂದ ಗಾಳಿಯನ್ನ ನೀವು ಕುಡೀತಿದ್ದಿರಿ. ನೀರು ಇನ್ನೂ ನಾಲ್ಕು ಬೆರಳು ಏರಿದ್ದರೆ ಇದೇ ದಾರಿಯಲ್ಲಿ ಕಾಲಡಿಯ ಕಾರ್ಪೆಟ್ಟಿಗೆ ಇಳೀತಿತ್ತು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎಷ್ಟು ವೈರಿಂಗ್ ಇದೆ ಅಂತ ಯೋಚನೆ ಮಾಡಿ. ಒಂದು ಲೆಕ್ಕಕ್ಕೆ ವೈಪರ್ ನಿಂತದ್ದು ನಿಮ್ಮ ಪುಣ್ಯ.

ಕೆಸರನ್ನು ಅವನು ಕೈಯಿಂದಲೇ ಬಾಚಿ ತೆಗೆದ. ಮೊಳಕೆಯ ಸಸಿಯನ್ನು ಮಣ್ಣುಸಮೇತ ತೆಗೆದು ಒಂದು ಎಣ್ಣೆಡಬ್ಬಿಯ ಮುಚ್ಚಳದಲ್ಲಿಟ್ಟ. ಆಮೇಲೆ ಮೋಟರಿನ ಕನೆಕ್ಟರಿನ ನಾಲಿಗೆ ಒತ್ತಿ ಬಿಡಿಸಿ, ಮೂರು ಬೋಲ್ಟ್ ಬಿಚ್ಚಿ, ಇಡೀ ಸಾಮಾನನ್ನು ಓರೆಯಾಗಿ ಹೊರಳಿಸಿ ಹೊರಗೆಳೆದ. ಒಂದು ಮೊಳಕ್ಕೂ ಉದ್ದದ, ಕಪ್ಪು ಕಂಬಿಗಳ, ಮೂಳೆಗೂಡಿನಂಥ ವಸ್ತು.

— ಇದೇನಾ ಅಸೆಂಬ್ಲಿ?

— ಇದೇ. ಒಂದು ಮೋಟರ್, ಎರಡು ಗೂಟ, ನಡುವೆ ಕಂಬಿ. ಮೋಟರ್ ಗರಗರ ಒಂದೇ ದಿಕ್ಕಿಗೆ ತಿರುಗ್ತದೆ. ಅದರ ತುದಿಯಲ್ಲಿ ಸ್ಕ್ರೂವಿನಂಥ ಹಲ್ಲು, ಅದು ದೊಡ್ಡ ಚಕ್ರವನ್ನ ನಿಧಾನಕ್ಕೆ ತಿರುಗಿಸ್ತದೆ. ವೇಗ ಇಳೀತು, ಬಲ ಏರಿತು. ಆ ಚಕ್ರಕ್ಕೆ ಒಂದು ಸಣ್ಣ ಕೈ, ಆ ಕೈಗೆ ಈ ಕಂಬಿ. ಸುತ್ತು ತಿರುಗೋದು ಇಲ್ಲಿಗೆ ಬರುವಾಗ ಆಚೆ ಈಚೆ ಆಡೋದಾಗ್ತದೆ.

— ನನ್ನ ಕಾಲಿನ ಹೊಲಿಗೆ ಮಷೀನಿನ ತಿರುಗುಮುರುಗು. ಅಲ್ಲಿ ಪಾದ ಮೇಲೆ ಕೆಳಗೆ ಆಡಿಸ್ತೇನೆ, ಚಕ್ರ ಸುತ್ತು ತಿರುಗ್ತದೆ. ಇಲ್ಲಿ ಚಕ್ರ ಸುತ್ತು ತಿರುಗ್ತದೆ, ಕೈ ಆಚೆ ಈಚೆ ಆಡ್ತದೆ.

— ಸರಿಯಾಗಿ ಹೇಳಿದಿರಿ. ಮೋಟರಿನ ಹೊಟ್ಟೆಯಲ್ಲಿ ಒಂದು ಬಿಲ್ಲೆ ಇದೆ. ನೀವು ಸ್ವಿಚ್ ಆಫ್ ಮಾಡಿದರೂ ಆ ಬಿಲ್ಲೆಯ ಗುರುತು ಬರುವವರೆಗೆ ಕರೆಂಟು ಹರೀತಿರ್ತದೆ. ಹಾಗಾಗಿಯೇ ವೈಪರ್ ಎಲ್ಲೆಲ್ಲೋ ನಿಲ್ಲೋದಿಲ್ಲ, ಕೆಳಗೆ ಬಂದೇ ಮಲಗ್ತದೆ. ಈಗ ಈ ಬಲಗಡೆಯ ಗೂಟ ಬೆರಳಿನಿಂದ ತಿರುಗಿಸಿ.

— ಸಲೀಸಾಗಿ ತಿರುಗ್ತದೆ.

— ಎಡಗಡೆಯದು?

— ಕಲ್ಲಾಗಿದೆ.

— ರೋಗ ಅಲ್ಲಿ. ಕೆಸರಿನಲ್ಲಿ ಕೂತು ಕೂತು ಗ್ರೀಸ್ ತೊಳೆದುಹೋಗಿ, ಗೂಟ ಬುಷ್ಷಿನೊಳಗೆ ತುಕ್ಕು ಹಿಡೀತು. ‘ಕಿರ್ರ್’ ಅಂದದ್ದು ಅದು. ಮೋಟರ್ ಎಳೆದೇ ಎಳೀತು. ಕೊನೆಗೆ ಈ ಕಂಬಿಯ ತುದಿಯ ಪ್ಲಾಸ್ಟಿಕ್ ಬಟ್ಟಲು ಗುಂಡಿನಿಂದ ಕಳಚಿತು. ‘ಟಕ್’ ಅಂದದ್ದು ಅದು. ಬಟ್ಟಲು ಕಳಚದಿದ್ದರೆ ಮೋಟರ್ ಸುಡ್ತಿತ್ತು. ಅತ್ಯಂತ ಅಗ್ಗದ್ದು ಸೋತು ದುಬಾರಿಯದನ್ನ ಉಳಿಸಿತು.

— ಹಾಗಾದರೆ ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು ಅಂದರಲ್ಲ?

— ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ. ಕಂಪನಿ ಅವರಿಗೆ ಬಟ್ಟಲು ಬೇರೆ, ಗೂಟ ಬೇರೆ ಅಂತ ಕೊಡೋದಿಲ್ಲ. ಪಟ್ಟಿಯಲ್ಲಿ ಒಂದೇ ನಂಬರ್, ಒಂದೇ ಬೆಲೆ. ಅಲ್ಲಿನ ಹುಡುಗನಿಗೆ ಬಿಚ್ಚಿ ನೋಡುವ ಸಮಯವನ್ನೂ ಕೊಡೋದಿಲ್ಲ. ಮೋಟರಿನೊಳಗೆ ನೀರು ಹೋಗಿದ್ದರೆ, ಹಲ್ಲು ಮುರಿದಿದ್ದರೆ, ಗುಂಡು ಸವೆದು ಮೊಟ್ಟೆಯಾಕಾರ ಆಗಿದ್ದರೆ ನಾನೂ ಪೂರ್ತಿ ಬದಲಾಯಿಸಿ ಅಂತಲೇ ಹೇಳ್ತಿದ್ದೆ. ಇದರಲ್ಲಿ ಗುಂಡು ಚೆನ್ನಾಗಿದೆ, ಮುಟ್ಟಿ ನೋಡಿ. ಇಂಥ ಬಟ್ಟಲು ನಾಲ್ಕು ಅಳತೆಯವು ನನ್ನ ಡಬ್ಬಿಯಲ್ಲಿವೆ. ಗೂಟದ ಲಾಕ್ ತೆಗೆದು, ಹೊರಗೆಳೆದು, ನಯವಾದ ಮರಳುಕಾಗದದಿಂದ ತಿಕ್ಕಿ, ಗ್ರೀಸ್ ತುಂಬಿ ಕೂರಿಸಿದರೆ ಆಯ್ತು.

— ತಮಾ, ನನಗೆ ಹಣದ್ದಲ್ಲ ಸಂಕಟ. ಈ ಗಾಡಿಯನ್ನ ಮುಟ್ಟಲೇಬಾರದು ಅನ್ನುವ ಹಾಗೆ ಎಲ್ಲರೂ ಮಾತಾಡ್ತಾರೆ. ಬಾನೆಟ್ ಎತ್ತಿದರೆ ಹೊಡೀತದೆ, ಹೊರಗಿನವರು ಮುಟ್ಟಿದರೆ ಹಾಳಾಗ್ತದೆ, ಎಲ್ಲದಕ್ಕೂ ಕಂಪ್ಯೂಟರ್ ಬೇಕು. ಹೀಗೆ ಹೇಳ್ತಾ ಹೋದರೆ ಮೂವತ್ತು ಕಿಲೋಮೀಟರ್ ಒಳನಾಡಿನಲ್ಲಿರುವ ನಮ್ಮಂಥವರು ಒಂದು ವೈಪರಿಗೂ ಪೇಟೆಯ ದಾರಿ ಕಾಯಬೇಕು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತು, ವಾಹನ, ಈ ನಾಲ್ಕನ್ನ ಮೊದಲು ಆರಿಸಿಕೊಂಡರು. ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು, ಹೊರಗಿನವರೂ ಮಾಡುವ ಹಾಗಿರಬೇಕು ಅಂತ ಅದರ ಆಶಯ. ಅದನ್ನ ಓದಿದಾಗ ನನಗೆ ನೆನಪಾದದ್ದು ನೀನು.

— ಕೈಪಿಡಿ ಸಿಕ್ಕರೆ ನನ್ನಂಥವನಿಗೆ ಮುಟ್ಟಬೇಕಾದದ್ದಕ್ಕಿಂತ ಮುಟ್ಟಬಾರದ್ದು ಯಾವುದು ಅಂತ ಮೊದಲು ಗೊತ್ತಾಗ್ತದೆ ಅಕ್ಕೋರೆ. ಈ ಕಿತ್ತಳೆ ಕೇಬಲಿನ ವಿಷಯ ನಾನು ಕಲಿತದ್ದು ಹುಬ್ಬಳ್ಳಿಯ ಗೆಳೆಯನೊಬ್ಬನಿಂದ, ಬಾಯಿಮಾತಿನಲ್ಲಿ. ಅವನ ಪರಿಚಯ ಇರದಿದ್ದರೆ? ಈ ಬದಿಯಲ್ಲಿ ಭಟ್ಕಳ, ಆ ಬದಿಯಲ್ಲಿ ಕುಮಟಾ, ಎಲ್ಲ ಕಡೆ ಇಂಥ ಗಾಡಿ ಬರ್ತಿವೆ. ನನ್ನಂಥ ಗ್ಯಾರೇಜಿನ ಹುಡುಗರಿಗೆ ಎರಡು ದಿನ ಕೂರಿಸಿ ಯಾರಾದರೂ ಹೇಳಿಕೊಟ್ಟರೆ ಯಾವನೂ ಕೈ ಸುಟ್ಟುಕೊಳ್ಳೋದಿಲ್ಲ.

— ಶಾಲೆಯ ಹಾಲ್ ರಜೆಯಲ್ಲಿ ಖಾಲಿ ಇರ್ತದೆ. ನಿನ್ನ ಆ ಹುಬ್ಬಳ್ಳಿಯ ಗೆಳೆಯ ಬರ್ತಾನಾ ಕೇಳು. ಹೆಡ್‌ಮಾಸ್ತರರ ಹತ್ತಿರ ನಾನು ಮಾತಾಡ್ತೇನೆ.

— ನಿಜವಾಗಿ ಹೇಳ್ತೀರಾ?

— ನಾನು ಯಾವಾಗ ಸುಮ್ಮನೆ ಹೇಳಿದ್ದೆ?

ಗೂಟ ಹೊರಬರಲು ಅರ್ಧ ಗಂಟೆ ಹಿಡಿಯಿತು. ಮರಳುಕಾಗದ ನಾನೇ ತಿಕ್ಕಿದೆ. ಕಂದು ಬಣ್ಣ ಹೋಗಿ ಉಕ್ಕಿನ ಬೆಳಕು ಕಾಣುವವರೆಗೆ ಬಿಡಲಿಲ್ಲ. ಹೊಸ ಬಟ್ಟಲು ಗುಂಡಿನ ಮೇಲೆ ಕೂತಾಗ ಅದೇ ‘ಟಕ್’ ಸದ್ದು ಬಂತು. ಈ ಸಲ ಅದು ಕಿವಿಗೆ ಹಿತವಾಗಿತ್ತು.

— ವಾಪಸು ಹಾಕುವಾಗ ಒಂದು ವಿಷಯ ತಪ್ಪಬಾರದು. ಮೊದಲು ತೋಳು ಹಾಕೋದಿಲ್ಲ. ಅಸೆಂಬ್ಲಿ ಕೂರಿಸಿ, ಮೂರು ಬೋಲ್ಟೂ ಕೈಯಿಂದ ಹಿಡಿಸಿ ಆಮೇಲೆ ಬಿಗಿ. ಕನೆಕ್ಟರ್ ಹಾಕಿ, ಸಣ್ಣ ಬ್ಯಾಟರಿಯ ಮೈನಸ್ ಹಾಕಿ, ಗಾಡಿ ಎಬ್ಬಿಸಿ, ವೈಪರ್ ಒಮ್ಮೆ ಆಡಿಸಿ ಆಫ್. ಬಿಲ್ಲೆಯ ಗುರುತಿಗೆ ಗೂಟ ಬಂದು ನಿಲ್ಲಲಿ. ಆಮೇಲೆ ಮತ್ತೆ ಎಲ್ಲ ಆಫ್ ಮಾಡಿ, ಟೇಪಿನ ಗುರುತಿಗೆ ತೋಳು. ಹಲ್ಲಿಗೆ ಒಂಚೂರು ಗ್ರೀಸ್ ಸವರಿದ್ದೇನೆ, ಮುಂದಿನ ಸಲ ನಿಂಬೆಹಣ್ಣು ಆಗೋದು ಬೇಡ.

— ಎಡಗಡೆಗೆ ಟೇಪಿನ ಗುರುತು ಇಲ್ಲವಲ್ಲ?

— ಗಾಜಿನ ಕೆಳ ಅಂಚಿನಲ್ಲಿ ಹಳೇ ರಬ್ಬರ್ ಮಲಗಿದ ಗೆರೆ ಇದೆ, ಧೂಳಿನದು. ನೀವು ಗಾಡಿ ತೊಳೆಯದೆ ತಂದದ್ದು ಒಳ್ಳೇದಾಯ್ತು. ಒಣಗಾಜಿನ ಮೇಲೆ ಆಡಿಸಬೇಡಿ, ಮೊದಲು ನೀರು ಎರಚಿ... ಹಾಂ. ಎರಡೂ ಒಟ್ಟಿಗೆ. ಸದ್ದು ಕೇಳಿ.

— ಮೋಟರಿನದು ಮಾತ್ರ. ಬೇರೇನೂ ಇಲ್ಲ.

— ಗಡಿಯಾರ ಹಿಂದೆ ಹೋಗಿರ್ತದೆ, ಸರಿ ಮಾಡಿಕೊಳ್ಳಿ. ಕಿಟಕಿ ಒಂದೇ ಒತ್ತಿಗೆ ಏರದಿದ್ದರೆ ಪೂರ್ತಿ ಏರಿಸಿ ಗುಂಡಿ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಮತ್ತೆ ಕಲಿತುಕೊಳ್ತದೆ. ಇನ್ನೊಂದು, ಹಲಸಿನ ಮರದಡಿ ನಿಲ್ಲಿಸೋದಾದರೆ ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ಇಲ್ಲಿ ಕೈ ಆಡಿಸಿ. ಇಷ್ಟಕ್ಕೆ ಯಾವ ಪಾನಾನೂ ಬೇಡ, ಯಾರೂ ಬೇಡ.

— ನೀರು ಸರಿಯಾಗಿ ಇಳೀತದೆ ಅಂತ ನನಗೆ ಗೊತ್ತಾಗೋದು ಹೇಗೆ?

— ಒಂದು ಚೊಂಬು ನೀರು ಗಾಜಿನ ಬುಡಕ್ಕೆ ಹೊಯ್ದು ಕೆಳಗೆ ಬಗ್ಗಿ ನೋಡಿ. ಎರಡು ಕಡೆ ಸುರೀಬೇಕು. ಈಗಲೇ ಮಾಡಿ. ನಾನು ಬಲಗಡೆ ಕೂರ್ತೇನೆ, ಹುಡುಗ ಎಡಗಡೆ ಕೂರಲಿ. ಹೊಯ್ಯಿರಿ.

— ಹೊಯ್ದೆ.

— ಬಲಗಡೆ ಬಂತು. ತಮ್ಮಾ, ನಿನ್ನ ಕಡೆ?

— ಇಲ್ಲ ಅಂತಾನೆ.

— ಇನ್ನೊಂದು ಚೊಂಬು ಹೊಯ್ಯಿರಿ ಅಕ್ಕೋರೆ, ಮೆಲ್ಲಗೆ. ಆ ಮೂಲೆಗೇ.

— ಹೊಯ್ದೆ... ಏನಾದರೂ ಬಂತಾ?

— ತಡೀರಿ. ಹನಿ ಬೀಳ್ತಿದೆ. ಈಗ ಧಾರೆ. ಎಲೆಯೊಂದು ಅಡ್ಡ ಉಳಿದಿತ್ತು, ಅದೂ ಬಂತು.